ವಿಶ್ರಾಂತಿಯೂ ದೇವರ ವರವೇ



ಕಳೆದ ಬೇಸಿಗೆಯ ಆರಂಭದಲ್ಲಿ ನಮ್ಮ ಧರ್ಮಕೇಂದ್ರದ ದಂಪತಿಯೊಬ್ಬರು ಬಲಿಪೂಜೆ ಮುಗಿದ ಮೇಲೆ ನನ್ನ ಬಳಿ ಬಂದರು. ಮದುವೆಯಾಗಿ ಹದಿನೇಳು ವರ್ಷ. ವೇಳಾಂಕಣಿಗೆ ಹರಕೆ ತೀರಿಸಲು ಹೋಗಿದ್ದು ಬಿಟ್ಟರೆ ಮನೆಮಂದಿಯೆಲ್ಲ ಒಟ್ಟಾಗಿ ಎಲ್ಲಿಗೂ ಹೋದವರಲ್ಲ. ಜೂನ್ ತಿಂಗಳಲ್ಲಿ ಮಗ ಹಾಸ್ಟೆಲಿಗೆ ಸೇರುವವನಿದ್ದ. "ಫಾದರ್, ಅವನು ಮನೆ ಬಿಡುವ ಮುಂಚೆ ಮೂರು ದಿನ ಎಲ್ಲಾದರೂ ಹೋಗಿಬರುವ ಆಸೆ. ದುಂದುವೆಚ್ಚವಾಗುತ್ತದೆಯೇ?" ಎಂದು ತಾಯಿ ಕೇಳಿದರು. ತಂದೆ ಸುಮ್ಮನೆ ನಿಂತಿದ್ದರು. ಎರಡೆರಡು ಪಾಳಿ ದುಡಿಯುವ ಅವರು ಮಗನೊಡನೆ ಕುಳಿತು ಊಟ ಮಾಡುವುದೇ ಅಪರೂಪ.

"ಆ ಹಣ ಮಗನ ಫೀಸಿಗಾದೀತಲ್ಲ" ಎಂದು ಥಟ್ಟನೆ ಹೇಳಿಬಿಟ್ಟೆ. "ಸರಿ ಫಾದರ್" ಎಂದು ಹೊರಟುಹೋದರು.

ಅಂದು ರಾತ್ರಿ ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯ ನನ್ನನ್ನು ಚುಚ್ಚಿತು. ಪ್ರೇಷಿತರು ದಣಿದು ಮರಳಿದ್ದಾರೆ. ಜನಜಂಗುಳಿಯಲ್ಲಿ ಉಣ್ಣಲೂ ಬಿಡುವಿಲ್ಲ. ಯೇಸುಸ್ವಾಮಿ ಅವರಿಗೆ ಇನ್ನಷ್ಟು ಕೆಲಸ ಹಚ್ಚಲಿಲ್ಲ. ದಣಿವಾರಿಸಿಕೊಳ್ಳಲು ನಿರ್ಜನ ಸ್ಥಳಕ್ಕೆ ಕರೆದರು. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಂತೂ ಸಬ್ಬತ್ ದಿನದ ವಿಶ್ರಾಂತಿ ಆಳುಕಾಳುಗಳಿಗೂ ಎತ್ತು ಕತ್ತೆಗಳಿಗೂ ಸಲ್ಲಬೇಕೆಂಬ ಆಜ್ಞೆಯಿದೆ. ಎತ್ತಿಗೆ ಸಲ್ಲುವುದು ಈ ತಂದೆಗೆ ಸಲ್ಲದೇ? ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕುಳಿತು ಪ್ರವಾಸದ ಯೋಜನೆಯನ್ನೂ ಹಾಕಿದೆವು.

ಸಾಲ ಮಾಡಿ ಊಟಿಗೆ ಹೋಗುವುದು ಬೇಡವೆಂದಾಯಿತು. ರೈಲಿನಲ್ಲಿ ಹಾಸನಕ್ಕೆ ಹೋಗಿ, ಸಾಧಾರಣ ಕೋಣೆ ಹಿಡಿದು, ದಿನಕ್ಕೆ ಒಂದೇ ಸ್ಥಳ ನೋಡುವುದು. ಓಡಿ ಓಡಿ ನೋಡಿದರೆ ಅದೂ ಮತ್ತೊಂದು ಪಾಳಿಯಾದೀತು! ಮೊದಲ ದಿನ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನನ ಕಾಲದ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯದು. ಮೇಲೆ ನಿಂತರೆ ಸುತ್ತಲೂ ಘಟ್ಟದ ಹಸಿರು. ಮರುದಿನ ಬೇಲೂರು ಹಳೇಬೀಡುಗಳ ಸಂದಣಿಯಿಲ್ಲದ ದೊಡ್ಡಗದ್ದವಳ್ಳಿ. ಅಲ್ಲಿ ಕೆರೆಯ ಪಕ್ಕದಲ್ಲಿ 12ನೆಯ ಶತಮಾನದ ಹೊಯ್ಸಳ ಗುಡಿಯಿದೆ. ಭಾನುವಾರ ಹಾಸನದಲ್ಲಿ ಬಲಿಪೂಜೆ ಮುಗಿಸಿ, ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಗೆ.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದರು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು; ಹಿನ್ನೀರು ಆವರಿಸಿ ಊರವರು ಬೇರೆಡೆ ನೆಲೆಸಬೇಕಾಯಿತು. ಮಳೆಗಾಲದಲ್ಲಿ ದೇವಾಲಯ ಅರ್ಧ ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಾಗ ಸೂರಿಲ್ಲದ ಗೋಡೆ ಕಮಾನುಗಳು ಮೇಲೇಳುತ್ತವೆ. ಗೋಡೆಗಳು ಶಿಥಿಲ, ದೂರ ನಿಂತೇ ನೋಡಬೇಕು.

"ಇಲ್ಲಿದ್ದವರೆಲ್ಲ ಎಲ್ಲಿಗೆ ಹೋದರಪ್ಪಾ?" ಎಂದು ಮಗ ಕೇಳಿದನಂತೆ. ಹೊಟ್ಟೆಪಾಡಿಗಾಗಿ ತಾನು ಹುಟ್ಟೂರು ಬಿಟ್ಟ ದಿನವನ್ನು ತಂದೆ ಮೊದಲ ಬಾರಿಗೆ ಮಗನಿಗೆ ಹೇಳಿದರಂತೆ. ನೀರಿನ ದಂಡೆಯಲ್ಲಿ ಅವರಿಬ್ಬರೂ ಬಹಳ ಹೊತ್ತು ಕುಳಿತಿದ್ದರೆಂದು ತಾಯಿ ಕಣ್ಣು ಒರೆಸಿಕೊಳ್ಳುತ್ತ ನನಗೆ ತಿಳಿಸಿದರು. ಫೀಸಿನ ಒಂದು ಕಂತು ತಡವಾಯಿತು. ಮಗ ಮಾತ್ರ ಈಗ ವಾರವಾರವೂ ಅಪ್ಪನಿಗೆ ಫೋನ್ ಮಾಡುತ್ತಾನೆ.

ಪ್ರಿಯರೇ, ಪ್ರೇಷಿತರ ದೋಣಿ ದಡ ಸೇರುವಷ್ಟರಲ್ಲಿ ಜನ ಅಲ್ಲಿಗೂ ಬಂದಿದ್ದರು. ಯೇಸು ಅವರನ್ನು ಕಂಡು ಕನಿಕರಪಟ್ಟರು. ನಿಜವಾದ ವಿಶ್ರಾಂತಿ ನಮ್ಮ ಹೃದಯವನ್ನು ಮೃದುಗೊಳಿಸುತ್ತದೆ. ಸೃಷ್ಟಿ ನಮ್ಮೆಲ್ಲರ ಮನೆಯೆಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೆನಪಿಸಿದರು. ಆ ಮನೆಯಲ್ಲಿ ಪ್ಲಾಸ್ಟಿಕ್ ಚೆಲ್ಲಿ ಬರಬೇಡಿ. ನೀವು ರಜೆ ಹೋಗುವಾಗ ಮನೆಗೆಲಸದಾಕೆಗೂ ಸಂಬಳ ಕಡಿಯದೆ ರಜೆ ಕೊಡಿ. ಆಕೆಗೂ ಮಕ್ಕಳಿದ್ದಾರೆ.

ದಣಿದವರನ್ನು ಕರೆಯುವ ಪ್ರಭು ನಿಮ್ಮ ಕುಟುಂಬಗಳನ್ನು ಹರಸಲಿ.