ಜೋಯಿಸರು ಹಿಡಿದ ಬೇರೆ ದಾರಿ

ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದುವಾಗ ಕ್ರಿಸ್‌ಮಸ್ ಬಂದರೆ ಗೆಳೆಯನೊಬ್ಬನ ಮನೆಗೆ ತಪ್ಪದೆ ಹೋಗುತ್ತಿದ್ದೆ. ಹೋಗುತ್ತಿದ್ದದ್ದು ಕೇಕಿಗೆ, ನೋಡುತ್ತಾ ನಿಲ್ಲುತ್ತಿದ್ದದ್ದು ಗೋದಲಿಯನ್ನ. ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರು, ಹುಲ್ಲು, ಹಸು, ಮಗು, ಪಕ್ಕದಲ್ಲಿ ಕಿರೀಟ ತೊಟ್ಟ ಮೂರು ಗೊಂಬೆ.

"ಈ ಮೂರು ಜನ ರಾಜರು ಯಾರು ಆಂಟಿ?" ಅಂತ ಕೇಳಿದೆ.

"ರಾಜರು ಅಂತಾರೆ. ಆದ್ರೆ ನಮ್ಮ ಬೈಬಲ್‌ನಲ್ಲಿ ಇರೋದು ಜೋಯಿಸರು ಅಂತ ಕಣಪ್ಪ" ಅಂದರು.

ನಗು ಬಂತು. ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ ಜೋಯಿಸರು ಅಂದರೆ ಯುಗಾದಿ ದಿನ ಪಂಚಾಂಗ ಓದಿ, ಒಂದು ಸೇರು ಅಕ್ಕಿ ಇಸ್ಕೊಂಡು ಹೋಗುವ ಮುದುಕರು.

ಆಮೇಲೆ ಓದಿದಾಗ ಆಂಟಿ ಹೇಳಿದ್ದೇ ಸರಿ ಅಂತ ಗೊತ್ತಾಯಿತು. ಈ ಕಥೆ ಇರುವುದು ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನದರಲ್ಲಿ ಮಾತ್ರ. ಅಲ್ಲಿ ಬಂದವರು ಮೂವರು ಅಂತಲೂ ಇಲ್ಲ, ರಾಜರು ಅಂತಲೂ ಇಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆ ಇದ್ದದ್ದರಿಂದ ಜನ ಮೂವರು ಅಂತ ಲೆಕ್ಕ ಹಾಕಿದರು. ಸಿರಿಯಾದ ಕಡೆಯ ಸಂಪ್ರದಾಯದಲ್ಲಿ ಅವರು ಹನ್ನೆರಡು ಜನ. ಗ್ರೀಕ್ ಮೂಲದಲ್ಲಿರುವ ಪದ 'ಮಾಗೋಯ್'. ಪರ್ಷಿಯಾದ ಪುರೋಹಿತರಿಗೆ, ನಕ್ಷತ್ರ ನೋಡುವವರಿಗೆ ಹೇಳುತ್ತಿದ್ದ ಮಾತು. ಕಿರೀಟಗಳು ಆಮೇಲೆ ಬಂದವು. ಮೆಲ್ಕಿಯೋರ್, ಕಾಸ್ಪರ್, ಬಾಲ್ತಜಾರ್ ಎಂಬ ಹೆಸರುಗಳು ಬರುವ ಹೊತ್ತಿಗೆ ಶತಮಾನಗಳೇ ಕಳೆದಿದ್ದವು. ಅವರಲ್ಲಿ ಒಬ್ಬ ಇಂಡಿಯಾದ ರಾಜ ಅನ್ನುವ ಐತಿಹ್ಯವೂ ಇದೆ. ಅವರದೆಂದು ನಂಬಿದ ಮೂಳೆಗಳನ್ನು 1164ರಲ್ಲಿ ಮಿಲಾನಿನಿಂದ ಜರ್ಮನಿಯ ಕಲೋನ್‌ಗೆ ಒಯ್ದರು, ಇವತ್ತಿಗೂ ಅಲ್ಲಿ ಚಿನ್ನದ ಪೆಟ್ಟಿಗೆಯಲ್ಲಿವೆ.

ಅವರು ಯಾರು ಅಂತ ಇಷ್ಟು ತಲೆ ಕೆಡಿಸಿಕೊಂಡ ನಾವು, ಅವರು ಏನು ಮಾಡಿದರು ಅಂತ ಕಡಿಮೆ ಕೇಳಿದ್ದೇವೆ ಅನ್ನಿಸುತ್ತೆ.

ಅವರು ದಾರಿ ಕೇಳಲು ಹೋದದ್ದು ಹೆರೋದನ ಅರಮನೆ ಇದ್ದ ಜೆರುಸಲೇಮಿಗೆ. ಹೆರೋದ ಗುಟ್ಟಾಗಿ ಕರೆಸಿ ಒಂದೇ ಮಾಹಿತಿ ತಗೊಂಡ: ನಕ್ಷತ್ರ ಕಂಡದ್ದು ಯಾವಾಗ? ಮಗು ಸಿಕ್ಕರೆ ನನಗೂ ತಿಳಿಸಿ, ನಾನೂ ಬಂದು ಅಡ್ಡಬೀಳುತ್ತೇನೆ ಅಂದ. ಕನಸಿನಲ್ಲಿ ಎಚ್ಚರಿಕೆ ಬಂದು ಅವರು ಬೇರೆ ದಾರಿಯಲ್ಲಿ ಊರಿಗೆ ಹೋದರು. ಅವನು ಅವರು ಕೊಟ್ಟಿದ್ದ ಕಾಲವನ್ನೇ ಲೆಕ್ಕ ಹಿಡಿದು, ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡು ಮಕ್ಕಳನ್ನು ಕೊಲ್ಲಿಸಿದ.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಜೋಯಿಸರು ಕೊಟ್ಟ ಡೇಟಾ ಅವನ ಫಿಲ್ಟರ್ ಆಯಿತು.

ನನಗೂ ಒಂದು ಇಂಥ ಲೆಕ್ಕ ಇದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಒಂದು ವರ್ಷದಲ್ಲಿ ಹೆಚ್ಚು ಮೆಡಿಕಲ್ ರಜೆ ಹಾಕಿದವರ ಪಟ್ಟಿ ತೆಗೆದುಕೊಡು ಅಂದರು. ಹತ್ತು ನಿಮಿಷದ ಕ್ವೆರಿ. ಯಾಕೆ ಅಂತ ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಕೆಲಸ ಹೋದವರಲ್ಲಿ ಆ ಪಟ್ಟಿಯ ಹೆಸರುಗಳೇ ಜಾಸ್ತಿ ಇದ್ದವು. ಒಬ್ಬರು ಕೀಮೋ ಮುಗಿಸಿ ಬಂದವರು. ನಾನು ಬರೀ ಡೇಟಾ ಕೊಟ್ಟೆ, ನಿರ್ಧಾರ ನನ್ನದಲ್ಲ ಅಂತ ಬಹಳ ದಿನ ಹೇಳಿಕೊಂಡೆ.

ಆಗ ನೆನಪಾದವರು ನಮ್ಮೂರ ಜೋಯಿಸರು. ಪಕ್ಕದ ಮನೆ ಅಕ್ಕನ ಸಂಬಂಧ ಕೂಡಿಬಂದಾಗ, ಗಂಡಿನ ಕಡೆಯವರು ಇವರ ಹತ್ತಿರ ಬಂದು ಹುಡುಗಿಯದು ಮೂಲಾ ನಕ್ಷತ್ರ ಅಲ್ಲ ತಾನೇ ಅಂತ ವಿಚಾರಿಸಿದರು. ಮೂಲಾದವಳು ಬಂದರೆ ಮಾವನಿಗೆ ಆಗಿಬರಲ್ಲ ಅನ್ನೋ ನಂಬಿಕೆ. ಜಾತಕ ಬರೆದವರೇ ಜೋಯಿಸರು, ಮೂಲಾ ಅಂತ ಗೊತ್ತು. "ವಯಸ್ಸಾಯ್ತು, ಯಾವುದೂ ಜ್ಞಾಪಕ ಇಲ್ಲ ಸ್ವಾಮಿ" ಅಂದುಬಿಟ್ಟರು. ಅಕ್ಕ ಈಗ ಗೌರಿಬಿದನೂರಲ್ಲಿದ್ದಾಳೆ. ಮಾವನಿಗೆ ಎಂಬತ್ತು ದಾಟಿದೆ.

ಅದು ಸುಳ್ಳು ತಾನೇ ಅಂತ ನೀವು ಕೇಳಬಹುದು. ಹೌದು, ಸುಳ್ಳೇ. ಮೂಡಣದ ಜೋಯಿಸರು ವಾಪಸ್ ಹೋಗಿ ತಿಳಿಸದೇ ಇದ್ದದ್ದೂ ರಾಜನಿಗೆ ಮಾಡಿದ ಮೋಸವೇ. ಆದರೆ ಗೊತ್ತಿರುವುದನ್ನೆಲ್ಲ ಕೇಳಿದವರಿಗೆಲ್ಲ ಕೊಡುವುದನ್ನು ಪ್ರಾಮಾಣಿಕತೆ ಅಂತ ಕರೆಯೋಕೆ ನನಗೆ ಈಗ ಆಗಲ್ಲ. ಕೇಳುವವನ ಕೈಯಲ್ಲಿ ಅದು ಏನಾಗುತ್ತೆ ಅಂತ ಯೋಚಿಸುವುದೂ ತಿಳಿದವನ ಕೆಲಸದ ಒಂದು ಭಾಗ. ಅವರು ಅದನ್ನ ಕಲಿಯುವಷ್ಟರಲ್ಲಿ ಅರ್ಧ ಮಾಹಿತಿ ಆಗಲೇ ಅರಮನೆ ಸೇರಿತ್ತು. ನಾನು ಇನ್ನೂ ತಡ.

ಹೋದ ತಿಂಗಳು ಮತ್ತೊಂದು ಪಟ್ಟಿ ಕೇಳಿ ಮೇಲ್ ಬಂತು. "ಇದು ಯಾವುದಕ್ಕೆ ಬೇಕು?" ಅಂತ ಒಂದು ಸಾಲು ಬರೆದು ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಪಟ್ಟಿಯೂ ಹೋಗಿಲ್ಲ.