ಮೊದಲು ಕೊಡುವವರು ಯಾರು?



ಯಜಮಾನನಿಲ್ಲದ ಕಡೆ ಹಂಚಿಕೊಂಡು ಬಾಳುವುದು ಹೇಗೆ? ಈ ಹಳೆಯ ಪ್ರಶ್ನೆ ಗಣಕಯಂತ್ರಗಳ ಲೋಕದಲ್ಲೂ ಎದ್ದಿತ್ತು. ಗ್ನುಟೆಲಾ ಎಂಬ ಜಾಲಕ್ಕೆ ಕೇಂದ್ರವಿರಲಿಲ್ಲ. ಪ್ರತಿಯೊಬ್ಬರೂ ತಮ್ಮಲ್ಲಿರುವ ಕಡತಗಳನ್ನು ಹಂಚಲಿ ಎಂಬುದಷ್ಟೇ ನಿರೀಕ್ಷೆ. 2000ದಲ್ಲಿ ಏಟನ್ ಅಡಾರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಪರಿಶೀಲಿಸಿದಾಗ ಸುಮಾರು ಶೇಕಡ 70 ಮಂದಿ ಏನನ್ನೂ ಹಂಚುತ್ತಿರಲಿಲ್ಲ!

2001ರಲ್ಲಿ ಬ್ರಾಮ್ ಕೊಹೆನ್ ರಚಿಸಿದ ಬಿಟ್‌ಟೊರೆಂಟ್ ಬೇರೆ ದಾರಿ ಹಿಡಿಯಿತು. ಕಡತವನ್ನು ತುಣುಕು ತುಣುಕಾಗಿ ಹಂಚುವುದು, ತನಗೆ ಹೆಚ್ಚು ಕೊಡುವವರಿಗೇ ತಾನೂ ಕೊಡುವುದು. ಉಪದೇಶದಿಂದ ಆಗದ ಕೆಲಸ ಲೆಕ್ಕದಿಂದ ಆಯಿತು.

ಆದರೆ ಲೆಕ್ಕವೊಂದೇ ಇದ್ದರೆ ಹೊಸಬನ ಗತಿಯೇನು? ಅವನ ಬಳಿ ಕೊಡಲು ಒಂದು ತುಣುಕೂ ಇಲ್ಲ. ಅದಕ್ಕೇ ಕೊಹೆನ್ ಇನ್ನೊಂದು ನಿಯಮ ಸೇರಿಸಿದರು: 30 ಸೆಕೆಂಡಿಗೊಮ್ಮೆ ಯಾರಾದರೊಬ್ಬರಿಗೆ, ಏನು ಕೊಟ್ಟೆ ಎಂದು ಕೇಳದೆ, ಬಾಗಿಲು ತೆರೆಯಬೇಕು. ಇದರಲ್ಲಿ ತೆರೆದವನಿಗೂ ಲಾಭವಿದೆ. ಇನ್ನೂ ಒಳ್ಳೆಯ ಜೊತೆಗಾರ ಸಿಗಬಹುದು.

ನಾವು ಈ ದೇಶಕ್ಕೆ ಬಂದಿಳಿದ ದಿನ ವಿಮಾನ ನಿಲ್ದಾಣದಿಂದ ಕರೆದೊಯ್ದು ವಾರವಿಡೀ ಅನ್ನ ಹಾಕಿದ ಮನೆಯವರು ನಮ್ಮಿಂದ ಏನು ಪಡೆದಿದ್ದರು? ಆ ಋಣ ತೀರಿಸುವ ಮೊದಲೇ ಅವರು ಬೇರೆ ಊರಿಗೆ ಹೋದರು. ಅದನ್ನು ಇನ್ನೊಬ್ಬ ಹೊಸಬರಿಗೇ ತೀರಿಸಬೇಕಾಯಿತು.

ಕೊಡುಕೊಳ್ಳುವಿಕೆ ಜಾಲವನ್ನು ಉಳಿಸುತ್ತದೆ, ನಿಜ. ಆದರೆ ಅದು ಶುರುವಾಗುವುದು ಲೆಕ್ಕವಿಡದ ಒಂದು ಕೊಡುಗೆಯಿಂದ. ಬರೀ ಪಡೆಯುತ್ತಾರೆಂದು ಯಾರ ಮೇಲಾದರೂ ಗೊಣಗುವ ಮುನ್ನ ಯೋಚಿಸೋಣ. ಸೋಮಾರಿ ಯಾರು, ಹೊಸಬ ಯಾರು ಎಂದು ಯಂತ್ರಕ್ಕೆ ತಿಳಿಯದು. ನಮಗಾದರೋ ಹತ್ತಿರ ಹೋಗಿ ವಿಚಾರಿಸಲು ಬಾಯಿದೆ.