ಮೀನಿಗೊಂದು ಹೆಸರು

ನಮ್ಮ ಕಡೆ ಅಂಗಡಿಗೆ ಹೋಗಿ ಬರೀ ‘ಅಕ್ಕಿ ಕೊಡ್ರಿ’ ಎಂದು ಕೇಳುವ ಹೆಂಗಸನ್ನು ನಾನು ಕಂಡಿಲ್ಲ. ಸೋನಾ ಮಸೂರಿಯೇ, ಹಳೆಯದೇ ಹೊಸದೇ, ಅನ್ನ ಉದುರಾಗುತ್ತದೆಯೇ ಎಂದು ನಾಲ್ಕು ಪ್ರಶ್ನೆ ಹಾಕಿ, ಅಂಗೈಯಲ್ಲಿ ಕಾಳು ಹಿಡಿದು ನೋಡಿದ ಮೇಲೆಯೇ ಚೀಲ ಕಟ್ಟಿಸುವುದು. ಅದೇ ನಾವು ಡಬ್ಬಿಯ ಮೇಲೆ ‘ಟ್ಯೂನಾ’ ಎಂಬ ಒಂದು ಮಾತು ಕಂಡರೆ ಮುಂದೇನೂ ಕೇಳುವುದಿಲ್ಲ. ಕಡಲಿನಿಂದ ದೂರವಿರುವ ಮಸ್ಕಿಯವರಿಗೆ ಕಟ್ಲಾ, ರೋಹು ಗೊತ್ತಿದ್ದರೆ ಸಾಲದೇ, ಸಮುದ್ರದ ಮೀನಿನ ಜಾತಿ ಕಟ್ಟಿಕೊಂಡು ಆಗಬೇಕಾದ್ದೇನು ಎಂದು ನೀವು ಕೇಳಬಹುದು.

ಟ್ಯೂನಾ ಎನ್ನುವುದು ಒಂದು ಇಡೀ ಬಳಗದ ಹೆಸರು. ನಮ್ಮ ಕರಾವಳಿಯವರು ಕೇದರ, ಗೇದರ್ ಎನ್ನುತ್ತಾರೆ. ಮಲಯಾಳಿಗಳಿಗೆ ಅದು ಚೂರ, ತಮಿಳರಿಗೆ ಸೂರೈ. ಬಳಗದೊಳಗೆ ಹೊಟ್ಟೆಯ ಮೇಲೆ ಉದ್ದುದ್ದ ಪಟ್ಟೆಯಿರುವ ಸ್ಕಿಪ್‌ಜಾಕ್ ಬೇರೆ, ಹಳದಿ ರೆಕ್ಕೆಯ ಯೆಲ್ಲೋಫಿನ್ ಬೇರೆ, ದಡದ ಹತ್ತಿರವೇ ಸಿಗುವ ಚಿಕ್ಕ ಟ್ಯೂನಾ ಬೇರೆ, ಆಳೆತ್ತರ ಮೀರಿ ಬೆಳೆಯುವ ಬ್ಲೂಫಿನ್ ಬೇರೆ.

ಈ ಭೇದ ಬರೀ ರುಚಿಯದಲ್ಲ. ಜಗತ್ತಿನಲ್ಲಿ ಹಿಡಿಯುವ ಟ್ಯೂನಾದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕಿಪ್‌ಜಾಕ್. ಅದು ಬೇಗ ಬೆಳೆದು ಬೇಗ ಮೊಟ್ಟೆಯಿಡುತ್ತದೆ. ಲಕ್ಷದ್ವೀಪದವರು ಅದನ್ನು ಗಾಳ ಹಾಕಿ ಒಂದೊಂದಾಗಿ ಹಿಡಿದು, ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಸ್‌ಮೀನ್ ಮಾಡುತ್ತಾರೆ. ದಕ್ಷಿಣ ಸಮುದ್ರಗಳ ಬ್ಲೂಫಿನ್‌ಗಾದರೋ ಮೈನೆರೆಯಲು ಎಂಟು ಹತ್ತು ವರ್ಷ ಬೇಕು. 2021ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯನ್ನು ತಿದ್ದಿದಾಗಲೂ ಅದು ಅಪಾಯದ ಸಾಲಿನಲ್ಲೇ ಉಳಿಯಿತು. ಸಾವಿರಗಟ್ಟಲೆ ಇರುವುದನ್ನೂ ಅಳಿಯುತ್ತಿರುವುದನ್ನೂ ಒಂದೇ ಹೆಸರಿನಿಂದ ಕರೆದರೆ, ಯಾವುದು ಕಾಣೆಯಾಯಿತೆಂದು ಹೇಳುವುದಾದರೂ ಹೇಗೆ?

ಹೆಸರಿನ ಬೆಲೆಯನ್ನು ಮಸ್ಕಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾಡಿನ ಉದ್ದಗಲಕ್ಕೂ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಸಿಕ್ಕಿದ್ದವು. ಆ ದೊರೆ ಅಶೋಕನೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿಯ ಶಾಸನವನ್ನು ಕಂಡ ಮೇಲೆಯೇ ‘ಅಶೋಕ’ ಎಂಬ ಹೆಸರು ಅವನದೇ ಶಾಸನದಲ್ಲಿ ಓದಲು ಸಿಕ್ಕಿತು. ಬಿರುದು ಎಷ್ಟು ದೊಡ್ಡದಾದರೂ ಹೆಸರಿಗೆ ಸಮವಾಗದು. ಇಂಥವರ ಸೊಸಿ, ಇಂಥವನ ಅವ್ವ ಎಂದೇ ಜೀವಮಾನವೆಲ್ಲ ಕರೆಸಿಕೊಂಡ ನಮ್ಮ ಹಿರಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು.

ಅದೇ ಅಶೋಕ ಪಟ್ಟವೇರಿ 26 ವರ್ಷಗಳಾದಾಗ ಉತ್ತರದ ಕಂಬಗಳ ಮೇಲೆ ಇನ್ನೊಂದು ಶಾಸನ ಬರೆಸಿದ. ಕೊಲ್ಲಬಾರದ ಜೀವಿಗಳ ಪಟ್ಟಿ ಅದರಲ್ಲಿದೆ. ‘ಜೀವಿಗಳನ್ನು ಕೊಲ್ಲಬೇಡಿ’ ಎಂದಷ್ಟೇ ಹೇಳಿ ಬಿಡದೆ ಗಿಳಿ, ಮೈನಾ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ ಎಂದು ಒಂದೊಂದನ್ನೂ ಹೆಸರಿಸಿದ್ದಾನೆ. ಮೀನುಗಳೂ ಇವೆ. ‘ಅನಠಿಕಮಛೆ’ ಎಂದರೆ ಮೂಳೆಯಿಲ್ಲದ ಮೀನು. ‘ಸಂಕುಜಮಛೆ’ ಯಾವುದೆಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಕಲ್ಲು ಉಳಿದಿದೆ, ಅಕ್ಷರ ಉಳಿದಿದೆ, ರಾಜಾಜ್ಞೆಯೂ ಉಳಿದಿದೆ. ಆ ಮೀನನ್ನು ಕೈಯಲ್ಲಿ ಹಿಡಿದು ‘ಇದೇ ಅದು’ ಎನ್ನುವವರು ಉಳಿಯಲಿಲ್ಲ.

ಹೆಸರು ತಿಳಿದು ತಿಂದರೇನು, ತಿಳಿಯದೆ ತಿಂದರೇನು, ಮೀನಿಗಂತೂ ಸಾವು ಒಂದೇ ಎಂದು ಯಾರಾದರೂ ವಾದಿಸಬಹುದು. ಆ ಒಂದು ಮೀನಿನ ಮಟ್ಟಿಗೆ ಮಾತು ನಿಜ. ಅದರ ಸಂತತಿಯ ಮಟ್ಟಿಗೆ ನಿಜವಲ್ಲ. ಹೆಸರು ತಿಳಿದವಳು ‘ಇದು ಬೇಡ, ಅದನ್ನು ಕೊಡಿ’ ಎನ್ನಬಲ್ಲಳು. ತಿಳಿಯದವಳಿಗೆ ಆರಿಸುವ ದಾರಿಯೇ ಇಲ್ಲ. ಕೊಡುವವರು ಕೊಟ್ಟದ್ದೇ ಅವಳ ಪಾಪ, ಅವಳ ಪುಣ್ಯ.

ಹೆಸರುಗಳನ್ನು ಬದುಕಿಸುವುದು ಕಲ್ಲಿನಿಂದಾಗುವ ಕೆಲಸವಲ್ಲ. ಬುಟ್ಟಿ ಹೊತ್ತು ಮಾರುವವಳು, ಮೊರದ ಮುಂದೆ ಕೂತವಳು, ಒಲೆಯ ಮುಂದೆ ನಿಂತವಳು ದಿನವೂ ಬಾಯಿತುಂಬ ಕರೆಯುತ್ತಿದ್ದರೆ ಮಾತ್ರ ಅವು ಉಳಿಯುತ್ತವೆ. ಅಕ್ಕಿಗೆ ಹಾಕುವ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನಾದರೂ ಮೀನಿಗೂ ಹಾಕೋಣ: ಇದು ಯಾವುದವ್ವಾ?